ಒಂಬತ್ತು ಬಂದರುಗಳ ಪಟ್ಟಿಯಲ್ಲಿ ಮಂಗಳೂರು ಇಲ್ಲ

ತಮಿಳುನಾಡಿನ ದಿಂಡಿಗಲ್ ಹತ್ತಿರದ ಚಿನ್ನಾಳಪಟ್ಟಿ ಸುಂಗುಡಿ ಸೀರೆಗೆ ಹೆಸರಾದ ಊರು. ಬಟ್ಟೆ ವ್ಯಾಪಾರದಲ್ಲಿರುವ ನಮ್ಮವರಿಗೆ ಈ ಹೆಸರು ಹೊಸತಾಗಿರಲಿಕ್ಕಿಲ್ಲ. ರೈಲಿನಲ್ಲಿ ಹೋದರೆ ಅದಕ್ಕೆ ಹತ್ತಿರದ ನಿಲ್ದಾಣ ಅಂಬಾತುರೈ. ಸುತ್ತ ಗುಡ್ಡ, ತೋಟ, ಮಗ್ಗದ ಸದ್ದು. ಕಡಲಿನ ಸುಳಿವೇ ಇಲ್ಲ. ಆದರೆ ಅಂತಹ ಒಳನಾಡಿನ ನಿಲ್ದಾಣಗಳ ಹಳದಿ ಫಲಕದ ಕೆಳಗೂ, ನಮ್ಮ ಮಂಗಳೂರಿನ ಫಲಕದ ಕೆಳಗಿರುವ ಹಾಗೆಯೇ, ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ.

ಯಾವ ಸಮುದ್ರ? ಯಾವ ದಿನದ, ಯಾವ ಹೊತ್ತಿನ ಮಟ್ಟ? ಕಡಲು ಒಂದು ಗಂಟೆ ಸುಮ್ಮನೆ ನಿಲ್ಲುವುದಿಲ್ಲ ಎಂದು ಬಂದರಿನಲ್ಲಿ ಹುಟ್ಟಿ ಬೆಳೆದ ಯಾವ ಮಗುವಿಗೂ ಗೊತ್ತು. ಬೆಳಿಗ್ಗೆ ದಕ್ಕೆಯ ಮೆಟ್ಟಿಲು ಮುಳುಗಿರುತ್ತದೆ, ಮಧ್ಯಾಹ್ನ ಅದೇ ಮೆಟ್ಟಿಲ ಮೇಲೆ ಪಾಚಿ ಒಣಗುತ್ತಿರುತ್ತದೆ. ಇಂತಹ ನೀರಿಗೆ 'ಸೊನ್ನೆ' ಎಂದು ಒಂದು ಗೆರೆ ಎಳೆದವರು ಯಾರು, ಎಲ್ಲಿ ನಿಂತು ಎಳೆದರು ಎಂಬುದು ಈ ಲೇಖನದ ವಿಷಯ. ಆ ಗೆರೆ ಎಳೆದ ಜಾಗಗಳಲ್ಲಿ ಒಂದು ನಮ್ಮ ಕಾರವಾರ. ಮಂಗಳೂರು ಅದರಲ್ಲಿ ಇರಲಿಲ್ಲ. ಅದರಿಂದ ನಮಗಾದ ನಷ್ಟ ಏನೆಂಬುದನ್ನೂ ಹೇಳಬೇಕಾಗಿದೆ.

ಮೊದಲು ಹಳೆಯ ಲೆಕ್ಕ. 1340ರ ದಶಕದಲ್ಲಿ ಇಬ್ನ್ ಬತೂತ ಮಂಗಳೂರಿಗೆ ಬಂದಾಗ ಅವನು ಈ ಊರನ್ನು ಗುರುತಿಸಿದ್ದೇ ನೀರಿನ ಮೂಲಕ. ಮಲಬಾರಿನಲ್ಲೇ ಅತಿ ದೊಡ್ಡ ಅಳಿವೆಯ ಮೇಲೆ ಇರುವ ಊರು 'ಮಂಜರೂರು' ಎಂದು ಬರೆದ. ಫಾರ್ಸ್ ಮತ್ತು ಯಮನಿನ ವ್ಯಾಪಾರಿಗಳು ಇಲ್ಲಿ ಇಳಿಯುತ್ತಾರೆ, ಕರಿಮೆಣಸು, ಶುಂಠಿ ಧಾರಾಳ, ಸುಮಾರು ನಾಲ್ಕು ಸಾವಿರ ಮುಸ್ಲಿಮರು ಇದ್ದಾರೆ ಎಂದೂ ಬರೆದ. ಬ್ಯಾರಿಗಳ ಇತಿಹಾಸ ಬರೆಯುವವರೆಲ್ಲ ನಾಲ್ಕು ಸಾವಿರದ ಮಾತನ್ನು ಎತ್ತುತ್ತಾರೆ. ಅಳಿವೆಯ ಮಾತನ್ನು ಬಿಟ್ಟುಬಿಡುತ್ತಾರೆ. ಆದರೆ ಆ ನಾಲ್ಕು ಸಾವಿರ ಜನ ಅಲ್ಲಿ ಇದ್ದದ್ದೇ ಅಳಿವೆಯ ಕಾರಣದಿಂದ.

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಆ ಬಾಯಿಯಲ್ಲಿ ಮರಳಿನ ದಿಬ್ಬ ಇದೆ. ದೊಡ್ಡ ಹಡಗುಗಳು ಹೊರಗೆ ಲಂಗರು ಹಾಕಬೇಕಾಗುತ್ತಿತ್ತು. ಸರಕು ಸಣ್ಣ ದೋಣಿಗಳಲ್ಲಿ ಒಳಗೆ ಬರುತ್ತಿತ್ತು. ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳೂ ನೀರು ಏರಿದ ಹೊತ್ತು ನೋಡಿಯೇ ಅಳಿವೆ ದಾಟಬೇಕು. 1956ರವರೆಗೆ ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ಆಡಳಿತಕ್ಕೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಆ ದ್ವೀಪದವರು ಹಗ್ಗ ತಂದು ಅಕ್ಕಿ ಒಯ್ಯುತ್ತಿದ್ದದ್ದು ನಮ್ಮ ಬಂದರಿನಿಂದ.

ಹೊತ್ತು ನೋಡಲು ನಮ್ಮವರಿಗೆ ಪುಸ್ತಕ ಬೇಕಿರಲಿಲ್ಲ, ಹಿಜ್ರಿ ತಾರೀಖು ಸಾಕಾಗಿತ್ತು. ಅಮಾವಾಸ್ಯೆ, ಹುಣ್ಣಿಮೆಗಳಾದ ಒಂದೆರಡು ದಿನಕ್ಕೆ ಉಬ್ಬರ ಅತಿ ಹೆಚ್ಚು. ಅಂದರೆ ಚಂದ್ರ ಕಂಡ ಮೊದಲ ಎರಡು ಮೂರು ದಿನ, ಆಮೇಲೆ 15ರಿಂದ 17. ಎಂಟು ಹತ್ತನೇ ತಾರೀಖಿಗೆ ನೀರು ಸಪ್ಪೆ, ಹೆಚ್ಚು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಹಾಗಾಗಿ ಸಣ್ಣ ಪೆರ್ನಾಲಿನ ದಿನ ಕಡಲು ತುಂಬಿ ಬರುತ್ತದೆ, ಹತ್ತನೇ ತಾರೀಖಿನ ಬಕ್ರೀದ್ ದಿನ ಸುಮ್ಮನಿರುತ್ತದೆ. ಮುಂದಿನ ಹಬ್ಬಕ್ಕೆ ಮಕ್ಕಳನ್ನು ಬೆಂಗ್ರೆಗೆ ಕರೆದುಕೊಂಡು ಹೋಗಿ ತೋರಿಸಬಹುದು. ಉಬ್ಬರಕ್ಕೂ ಚಂದ್ರನಿಗೂ ಇರುವ ಸಂಬಂಧವನ್ನು ಒಂಬತ್ತನೇ ಶತಮಾನದಲ್ಲೇ ಬಲ್ಖ್‌ನ ಅಬೂ ಮಅಶರ್ ಅರಬಿಯಲ್ಲಿ ವಿವರವಾಗಿ ಬರೆದಿದ್ದ. ಯುರೋಪಿಗೆ ಆ ವಿದ್ಯೆ ತಲುಪಿದ್ದರಲ್ಲಿ ಅವನ ಪುಸ್ತಕದ ಲ್ಯಾಟಿನ್ ಅನುವಾದಕ್ಕೆ ದೊಡ್ಡ ಪಾಲು ಇದೆ.

ಆದರೆ ತಾರೀಖು ನೋಡಿ ಹೊತ್ತು ಹೇಳುವುದು ಒಂದು, ನೀರು ಎಷ್ಟು ಇಂಚು ಏರಿತು ಎಂದು ಬರೆದಿಡುವುದು ಇನ್ನೊಂದು. ನಾವು ಮೊದಲನೆಯದನ್ನು ಮಾಡಿದೆವು. ಎರಡನೆಯದನ್ನು ಮಾಡಿದ್ದು ಬ್ರಿಟಿಷ್ ಸರಕಾರದ ಸರ್ವೇ ಇಲಾಖೆ.

ಆ ಕೆಲಸ ಕಛ್ ಕೊಲ್ಲಿಯಲ್ಲಿ 1870ರ ದಶಕದಲ್ಲಿ ಶುರುವಾಯಿತು. 1819ರ ಭೂಕಂಪದಲ್ಲಿ ಅಲ್ಲಿಯ ನೆಲ ಕೆಲವು ಕಡೆ ಎದ್ದು, ಕೆಲವು ಕಡೆ ಕುಸಿದಿತ್ತು. ನೆಲ ಇನ್ನೂ ಅಲುಗಾಡುತ್ತಿದೆಯೇ ಎಂದು ನೋಡಲು ಕಡಲಿನ ಮಟ್ಟವನ್ನು ಅಳೆಯಬೇಕಾಯಿತು. ಓಖಾ, ನವನಾರ್, ಹನ್‌ಸ್ಥಲ್ ಎಂಬ ಮೂರು ಜಾಗಗಳಲ್ಲಿ ಯಂತ್ರ ಹೂಡಲಾಯಿತು. ಹೊಣೆ ಹೊತ್ತವರು ರಾಯಲ್ ಎಂಜಿನಿಯರ್ಸ್‌ನ ಎ. ಡಬ್ಲ್ಯು. ಬೇರ್ಡ್ ಎಂಬ ಸ್ಕಾಟ್ಲೆಂಡಿನ ಅಧಿಕಾರಿ. ಅಲ್ಲಿ ಕಲಿತದ್ದನ್ನು ಆಮೇಲೆ ಇಡೀ ಕರಾವಳಿಗೆ ಹಬ್ಬಿಸಿದರು. ಮುಂಬಯಿಯ ಅಪೋಲೋ ಬಂದರು, ಕಾರವಾರ ಮತ್ತು ಕಲ್ಲಿಕೋಟೆಯ ಪಕ್ಕದ ಬೇಪೂರಿನಲ್ಲಿ 1878ರಲ್ಲಿ ಅಳತೆ ಆರಂಭವಾಯಿತು.

ಯಂತ್ರ ಬಹಳ ಸರಳ. ನೀರಿನ ಪಕ್ಕ ಒಂದು ಸಣ್ಣ ಕೊಠಡಿ. ಅದರೊಳಗೆ ಬಾವಿಯಂತೆ ಇಳಿಬಿಟ್ಟ ಕಬ್ಬಿಣದ ಕೊಳವೆ. ಕೊಳವೆಯ ಅಡಿಯಲ್ಲಿ ಚಿಕ್ಕ ತೂತು, ನೀರು ಅದರಿಂದ ಮಾತ್ರ ಒಳಗೆ ಬರಬೇಕು. ಹೊರಗೆ ಎಷ್ಟು ದೊಡ್ಡ ಅಲೆ ಬಡಿದರೂ ಒಳಗಿನ ನೀರು ನಿಧಾನವಾಗಿ ಏರುತ್ತದೆ, ನಿಧಾನವಾಗಿ ಇಳಿಯುತ್ತದೆ. ನೀರಿನ ಮೇಲೆ ತೇಲುವ ಒಂದು ಬುರುಡೆ, ಅದಕ್ಕೆ ಕಟ್ಟಿದ ತಂತಿ, ತಂತಿಯ ಇನ್ನೊಂದು ತುದಿಯಲ್ಲಿ ಪೆನ್ಸಿಲ್. ಗಡಿಯಾರದಿಂದ ತಿರುಗುವ ಉರುಳೆಗೆ ಸುತ್ತಿದ ಕಾಗದದ ಮೇಲೆ ಪೆನ್ಸಿಲ್ ಹಗಲೂ ರಾತ್ರಿ ಗೆರೆ ಎಳೆಯುತ್ತ ಹೋಗುತ್ತದೆ. ಗುಮಾಸ್ತ ಬಂದು ಗಡಿಯಾರಕ್ಕೆ ಕೀಲಿ ಕೊಡಬೇಕು, ಹೊರಗಿನ ಅಳತೆಗೋಲಿಗೂ ಒಳಗಿನ ಗೆರೆಗೂ ತಾಳೆ ನೋಡಬೇಕು, ತೂತಿಗೆ ಹೂಳು ತುಂಬಿದ್ದರೆ ತೆಗೆಯಬೇಕು. ಮಳೆಗಾಲದ ಕಾರವಾರದಲ್ಲಿ ಇದನ್ನು ವರ್ಷಗಟ್ಟಲೆ ತಪ್ಪದೆ ಮಾಡುವುದು ಸುಲಭದ ಕೆಲಸ ಆಗಿರಲಿಕ್ಕಿಲ್ಲ.

ಗೆರೆಯಿಂದ ಗಂಟೆಗೊಂದು ಸಂಖ್ಯೆ ಓದಿ ಬರೆದರೆ ವರ್ಷಕ್ಕೆ 8,760 ಸಂಖ್ಯೆಗಳು. ಐದು ವರ್ಷಕ್ಕೆ ನಲವತ್ತಮೂರು ಸಾವಿರಕ್ಕೂ ಮಿಕ್ಕಿ. ಎಲ್ಲವನ್ನೂ ಕೂಡಿಸಿ ಸರಾಸರಿ ತೆಗೆದರೆ ಬರುವುದೇ ಸರಾಸರಿ ಸಮುದ್ರ ಮಟ್ಟ. ಬೇರ್ಡ್ ಅವರ ಕಚೇರಿ ಪುಣೆಯಲ್ಲಿತ್ತು, ಲೆಕ್ಕ ಆಗುತ್ತಿದ್ದದ್ದು ಅಲ್ಲಿ. ಅದೇ ಸಂಖ್ಯೆಗಳಿಂದ ಮುಂದಿನ ವರ್ಷದ ಉಬ್ಬರ ಇಳಿತದ ಹೊತ್ತನ್ನೂ ಹೇಳಬಹುದಿತ್ತು. ಅದಕ್ಕಾಗಿ ಲಂಡನ್ನಿನಲ್ಲಿ ಎಡ್ವರ್ಡ್ ರಾಬರ್ಟ್ಸ್ ಎಂಬವರ ಮೇಲ್ವಿಚಾರಣೆಯಲ್ಲಿ, ಭಾರತದ ಬಂದರುಗಳಿಗೆಂದೇ, ಚಕ್ರ ಮತ್ತು ಹಗ್ಗಗಳ ಒಂದು ದೊಡ್ಡ ಯಂತ್ರ 1879ರಲ್ಲಿ ತಯಾರಾಯಿತು. ಅದು ಆಮೇಲೆ ಡೆಹ್ರಾಡೂನಿಗೆ ಬಂತು. ಇವತ್ತಿಗೂ ನಮ್ಮ ಬಂದರುಗಳ ಉಬ್ಬರ ಇಳಿತದ ಪಟ್ಟಿಯನ್ನು ವರ್ಷ ವರ್ಷ ಪ್ರಕಟಿಸುವುದು ಸರ್ವೇ ಆಫ್ ಇಂಡಿಯಾವೇ.

ಇನ್ನೊಂದು ಕಡೆ, 1858ರಿಂದಲೇ ಸರ್ವೇಯವರು ಮಟ್ಟಗೋಲು ಹಿಡಿದು ದೇಶದುದ್ದಕ್ಕೂ ನಡೆಯುತ್ತಿದ್ದರು. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ, ಒಂದು ಊರಿನಿಂದ ಇನ್ನೊಂದು ಊರಿಗೆ ಎತ್ತರದ ವ್ಯತ್ಯಾಸ ಅಳೆಯುತ್ತ ಐವತ್ತು ವರ್ಷ ನಡೆದರು. 1909ರಲ್ಲಿ ಆ ಜಾಲವನ್ನು ಒಂಬತ್ತು ಬಂದರುಗಳ ಸರಾಸರಿ ಮಟ್ಟಕ್ಕೆ ಕಟ್ಟಿದರು: ಕರಾಚಿ, ಮುಂಬಯಿ, ಕಾರವಾರ, ಬೇಪೂರು, ಕೊಚ್ಚಿ, ನಾಗಪಟ್ಟಣ, ಮದ್ರಾಸ್, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್. ಈ ಒಂಬತ್ತೂ ಕಡೆ ಎತ್ತರ ಸೊನ್ನೆ ಎಂದು ಹಿಡಿದರು. ಚಿನ್ನಾಳಪಟ್ಟಿಯ ಕಡೆಯ ಎತ್ತರಕ್ಕೆ ಆಧಾರ ಅದು, ಮಡಿಕೇರಿಯ ಎತ್ತರಕ್ಕೂ ಅದೇ.

ಇಲ್ಲಿ ಒಂದು ತಮಾಷೆ ಆಯಿತು. ಪಶ್ಚಿಮ ಕರಾವಳಿಯಿಂದ ಪೂರ್ವಕ್ಕೆ ಅಳೆಯುತ್ತ ಹೋದವರಿಗೆ ಬಂಗಾಳ ಕೊಲ್ಲಿ ನಮ್ಮ ಅರಬ್ಬಿ ಸಮುದ್ರಕ್ಕಿಂತ ಎತ್ತರದಲ್ಲಿ ಇದ್ದ ಹಾಗೆ ಕಂಡಿತು. ಮುಂಬಯಿಗೂ ವಿಶಾಖಪಟ್ಟಣಕ್ಕೂ ಸುಮಾರು 30 ಸೆಂಟಿಮೀಟರ್ ವ್ಯತ್ಯಾಸ, ಹೆಚ್ಚುಕಡಿಮೆ ಒಂದು ಅಡಿ. ಕಡಲು ಎಲ್ಲ ಕಡೆ ಒಂದೇ ಮಟ್ಟದಲ್ಲಿ ಇರಬೇಕಲ್ಲ ಎಂದು ಒಂಬತ್ತನ್ನೂ ಸೊನ್ನೆ ಮಾಡಿ ಮುಗಿಸಿದರು. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ಡಿ. ಶಂಕರ್ ಮತ್ತು ಸತೀಶ್ ಶೇಟ್ಯೆ 2001ರಲ್ಲಿ ಈ ಹಳೆಯ ಲೆಕ್ಕವನ್ನು ಮತ್ತೆ ಎತ್ತಿಕೊಂಡು, ವ್ಯತ್ಯಾಸ ನಿಜವಾದದ್ದೇ ಎಂದು ತೋರಿಸಿದರು. ಗಂಗಾ, ಬ್ರಹ್ಮಪುತ್ರದಂತಹ ನದಿಗಳ ಸಿಹಿನೀರು, ಮಳೆನೀರು ಸೇರಿ ಬಂಗಾಳ ಕೊಲ್ಲಿಯ ನೀರಿನಲ್ಲಿ ಉಪ್ಪು ಕಡಿಮೆ. ಉಪ್ಪು ಕಡಿಮೆಯಾದರೆ ನೀರು ಹಗುರ, ಹಗುರವಾದ ನೀರು ಸ್ವಲ್ಪ ಎತ್ತರಕ್ಕೆ ನಿಲ್ಲುತ್ತದೆ. ಮಟ್ಟಗೋಲು ಹಿಡಿದು ಬಿಸಿಲಲ್ಲಿ ನಡೆದವರು ಸರಿಯಾಗಿಯೇ ಅಳೆದಿದ್ದರು. ನಂಬಿಕೆ ಬಾರದೆ ಇದ್ದದ್ದು ಕಚೇರಿಯಲ್ಲಿ ಕುಳಿತವರಿಗೆ.

ಬರೆದಿಟ್ಟ ಸಂಖ್ಯೆಗೆ ಎಷ್ಟು ಆಯುಷ್ಯ ಇದೆ ಎಂಬುದಕ್ಕೆ ಇನ್ನೊಂದು ಸಂಗತಿ ಹೇಳುತ್ತೇನೆ. 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರ್ ಹತ್ತಿರ ಭೂಕಂಪ ಆಯಿತು. ಆಗ ಭೂಕಂಪ ಅಳೆಯುವ ಯಂತ್ರ ಇಲ್ಲಿ ಇರಲಿಲ್ಲ. ಆದರೆ ಬಂಗಾಳ ಕೊಲ್ಲಿಯ ಸುತ್ತಲಿನ ಬಂದರುಗಳಲ್ಲಿ ಪೆನ್ಸಿಲ್ ಗೆರೆ ಎಳೆಯುತ್ತಿತ್ತು. ಗೆರೆ ನಡುಗಿತು, ಸುನಾಮಿಯ ಅಲೆ ಕಾಗದದ ಮೇಲೆ ಬಂತು. ಎರಡು ವರ್ಷ ಕಳೆಯುವ ಮೊದಲೇ, 1883ರ ಆಗಸ್ಟಿನಲ್ಲಿ ಕ್ರಕಟೋವಾ ಜ್ವಾಲಾಮುಖಿ ಸಿಡಿದಾಗಲೂ ಭಾರತದ ಹಲವು ಕೇಂದ್ರಗಳ ಕಾಗದದಲ್ಲಿ ಅದು ದಾಖಲಾಯಿತು. 1881ರ ಕಾಗದಗಳನ್ನು 120 ವರ್ಷ ಕಳೆದ ಮೇಲೆ, 2003ರಲ್ಲಿ, ಓರ್ಟಿಜ್ ಮತ್ತು ಬಿಲ್ಹಮ್ ಎಂಬ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ, ಆ ಭೂಕಂಪದ ಪ್ರಮಾಣ 7.9ರ ಸುತ್ತಮುತ್ತ ಇತ್ತು ಎಂದರು. ಮರುವರ್ಷ, 2004ರ ಡಿಸೆಂಬರ್ 26ರಂದು, ಅದೇ ಕಡಲಿನಿಂದ ಮಹಾ ಸುನಾಮಿ ಬಂತು.

ಆ ದಿನ ಚೆನ್ನೈ, ವಿಶಾಖಪಟ್ಟಣ, ಪಾರಾದೀಪ್, ತೂತ್ತುಕುಡಿ, ಕೊಚ್ಚಿ, ಮರ್ಮಗೋವಾಗಳಲ್ಲಿ ನೀರಿನ ಮಟ್ಟದ ದಾಖಲೆ ಇದೆ. ಆದರೆ ಆ ದಾಖಲೆ ಕೈಗೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ. ಯಂತ್ರ ಬರೆಯುತ್ತಿತ್ತು, ಯಾರಿಗೂ ಹೇಳುತ್ತಿರಲಿಲ್ಲ. 2007ರ ಅಕ್ಟೋಬರಿನಲ್ಲಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಶುರುವಾಯಿತು. ಆಮೇಲೆ ಕರಾವಳಿಯ ಕೇಂದ್ರಗಳಲ್ಲಿ ತೇಲುವ ಬುರುಡೆಯ ಜೊತೆಗೆ ರೇಡಾರ್ ಬಂತು. ಜೆಟ್ಟಿಯ ಅಂಚಿನಿಂದ ಕಡಲಿನ ಮೇಲೆ ಚಾಚಿದ ಒಂದು ತೋಳು, ಅದರ ತುದಿಯಲ್ಲಿ ಕೆಳಮುಖವಾದ ಪೆಟ್ಟಿಗೆ. ಅಲೆ ಕಳುಹಿಸಿ, ಅದು ನೀರಿಗೆ ಬಡಿದು ಹಿಂದೆ ಬರಲು ತೆಗೆದುಕೊಂಡ ಸಮಯದಿಂದ ಮಟ್ಟ ತಿಳಿಯುತ್ತದೆ. ಸಂಖ್ಯೆಗಳು ಉಪಗ್ರಹದ ಮೂಲಕ ಕೆಲವೇ ನಿಮಿಷಗಳಲ್ಲಿ ಹೈದರಾಬಾದಿಗೆ ಹೋಗುತ್ತವೆ. ಗೋವಾದ ಸಂಸ್ಥೆಯವರು ಮೊಬೈಲ್ ನೆಟ್‌ವರ್ಕನ್ನೇ ಬಳಸಿ ತಮ್ಮದೊಂದು ಜಾಲ ಕಟ್ಟಿದರು.

ಸುನಾಮಿ ಎಂದರೆ ಪೂರ್ವ ಕರಾವಳಿಯ ಕಥೆ ಎಂದು ನಾವು ತಿಳಿದಿದ್ದೇವೆ. 1945ರ ನವೆಂಬರ್ 28ರ ನಸುಕಿನಲ್ಲಿ ಬಲೂಚಿಸ್ತಾನದ ಮಕ್ರಾನ್ ತೀರದಲ್ಲಿ ದೊಡ್ಡ ಭೂಕಂಪವಾಗಿ, ಸುನಾಮಿ ಅಲೆ ಮುಂಬಯಿಯಲ್ಲಿ ಜನರನ್ನು ಕೊಚ್ಚಿಕೊಂಡು ಹೋಯಿತು. ಕಾರವಾರದವರೆಗೂ ಅದು ಕಂಡ ವರದಿ ಇದೆ.

ಈಗ ಮಂಗಳೂರಿನ ಮಾತು. 1878ರಲ್ಲಿ ಕಾರವಾರ ಮುಂಬಯಿ ಪ್ರಾಂತ್ಯದಲ್ಲಿತ್ತು, ಹತ್ತಿಯ ಬಂದರಾಗಿ ಬೆಳೆಯುತ್ತದೆ ಎಂಬ ದೊಡ್ಡ ನಿರೀಕ್ಷೆ ಅದರ ಮೇಲೆ ಇತ್ತು. ಬೇಪೂರು ಮದ್ರಾಸಿನಿಂದ ಬರುವ ರೈಲಿನ ಕೊನೆಯ ನಿಲ್ದಾಣ ಆಗಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಸರಕಾರದ ಕಣ್ಣಿಗೆ ನಮ್ಮ ಬಂದರು ಎರಡರ ನಡುವಿನ ಒಂದು ಸಣ್ಣ ಜಾಗ, ಹೀಗಾಗಿ ಬಿಟ್ಟುಹೋಗಿರಬೇಕು ಎಂದು ನನ್ನ ಊಹೆ. ಕಾರವಾರದ ಅಳತೆಯೂ ಐದು ವರ್ಷದಲ್ಲಿ ನಿಂತಿತು. ಮುಂಬಯಿಯಲ್ಲಿ ಮಾತ್ರ ನಿಲ್ಲಿಸಲಿಲ್ಲ. ಪಣಂಬೂರಿನಲ್ಲಿ ಹೊಸ ಬಂದರು ಆಗಿ, 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳಲ್ಲಿ ಒಂದಾದ ಮೇಲೆ ನಮ್ಮ ಕಡೆಯ ನೀರಿನ ಮಟ್ಟದ ಕ್ರಮವಾದ ದಾಖಲೆ ಸಿಗುತ್ತದೆ. ಮುಂಬಯಿಗೂ ನಮಗೂ ಸುಮಾರು ನೂರು ವರ್ಷದ ಅಂತರ.

ಅದರಿಂದ ಏನಾಯಿತು ಎಂದರೆ, ಉಳ್ಳಾಲ, ಕೋಟೆಪುರ, ಸೋಮೇಶ್ವರ, ಉಚ್ಚಿಲ ಬಟ್ಟಪ್ಪಾಡಿಯಲ್ಲಿ ಮನೆ ಕಡಲಿಗೆ ಬಿದ್ದಾಗ 'ಕಡಲು ಏರುತ್ತಿದೆ' ಎಂದು ಒಂದು ಮಾತಿನಲ್ಲಿ ಮುಗಿಸಿಬಿಡಲು ಎಲ್ಲರಿಗೂ ಸುಲಭವಾಯಿತು. ಕಡಲು ಏರುತ್ತಿರುವುದು ನಿಜ. ಮುಂಬಯಿ, ಕೊಚ್ಚಿಯಂತಹ ಹಳೆಯ ಕೇಂದ್ರಗಳ ದಾಖಲೆಯಿಂದ ಉಣ್ಣಿಕೃಷ್ಣನ್ ಮತ್ತು ಶಂಕರ್ 2007ರಲ್ಲಿ ತೆಗೆದ ಲೆಕ್ಕ ಇದೆ: ವರ್ಷಕ್ಕೆ 1.06ರಿಂದ 1.75 ಮಿಲಿಮೀಟರ್. ನೂರು ವರ್ಷಕ್ಕೆ ನಾಲ್ಕರಿಂದ ಏಳು ಇಂಚು. 1993ರಿಂದ ಉಪಗ್ರಹಗಳು ಅಳೆಯುತ್ತಿವೆ, ಜಗತ್ತಿನ ಸರಾಸರಿ ವೇಗ ಈಗ ವರ್ಷಕ್ಕೆ 3 ಮಿಲಿಮೀಟರನ್ನು ದಾಟಿದೆ. ಮುಂದಿನ ತಲೆಮಾರಿಗೆ ಇದು ದೊಡ್ಡ ಸಂಕಟ. ಆದರೆ ಒಂದು ಮಳೆಗಾಲದಲ್ಲಿ ತೆಂಗಿನ ಸಾಲು, ಅದರ ಹಿಂದಿನ ರಸ್ತೆ, ರಸ್ತೆಯ ಹಿಂದಿನ ಮನೆ ಹೋಗುವುದು ಈ ಮಿಲಿಮೀಟರುಗಳಿಂದ ಅಲ್ಲ.

ನಮ್ಮ ಕರಾವಳಿಯ ಅಳತೆಗಳು ಹೇಳುವ ಒಂದು ಸಂಗತಿ ನನಗೆ ಮೊದಲು ನಂಬಲಿಕ್ಕೇ ಆಗಲಿಲ್ಲ. ಅಲೆಗಳ ಏರಿಳಿತ ಬಿಟ್ಟು ಸರಾಸರಿ ಮಟ್ಟ ಮಾತ್ರ ನೋಡಿದರೆ, ಪಶ್ಚಿಮ ಕರಾವಳಿಯಲ್ಲಿ ಕಡಲು ಅತಿ ಕೆಳಗೆ ಇರುವುದು ಮಳೆಗಾಲದ ಕೊನೆಯ ತಿಂಗಳುಗಳಲ್ಲಿ, ಮೇಲೆ ಇರುವುದು ಡಿಸೆಂಬರ್, ಜನವರಿಯಲ್ಲಿ. ವ್ಯತ್ಯಾಸ ಸುಮಾರು ಒಂದು ಗೇಣು. ಕಡಲಿನೊಳಗಿನ ಪ್ರವಾಹಗಳು ದಿಕ್ಕು ಬದಲಿಸುವುದರಿಂದ ಹೀಗಾಗುತ್ತದೆ. ಅಂದರೆ ಕಡಲ್ಕೊರೆತ ಜೋರಾಗಿರುವ ಮಳೆಗಾಲದಲ್ಲಿ ನೀರಿನ ಸರಾಸರಿ ಮಟ್ಟ ಏರುವುದಿಲ್ಲ, ಇಳಿಯುತ್ತ ಹೋಗುತ್ತದೆ. ನೆಲ ಕೊರೆಯುವುದು ಅಲೆ. ಕೊರೆದದ್ದನ್ನು ತುಂಬಿಕೊಡಬೇಕಾದ್ದು ಕರಾವಳಿಯುದ್ದಕ್ಕೂ ಸಾಗುವ ಮರಳು. 1990ರ ದಶಕದಲ್ಲಿ ಅಳಿವೆ ಬಾಗಿಲಿನ ಎರಡೂ ಕಡೆ ಬ್ರೇಕ್‌ವಾಟರ್ ಗೋಡೆಗಳು ಬಂದ ಮೇಲೆ ಆ ಮರಳಿನ ದಾರಿ ಬದಲಾಯಿತು. ಬೆಂಗ್ರೆ ಕಡೆ ಮರಳು ಕೂಡಿತು, ಉಳ್ಳಾಲದ ಕಡೆ ಕಡಿಮೆಯಾಯಿತು. 2010ರ ಬಳಿಕ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಉಳ್ಳಾಲದಲ್ಲಿ ನೀರೊಳಗಿನ ದಿಬ್ಬ, ಬರ್ಮ್‌ಗಳನ್ನು ಕಟ್ಟಿದರು. ಆಮೇಲೆ ಸೋಮೇಶ್ವರ, ಉಚ್ಚಿಲದ ಸುದ್ದಿಗಳು ಹೆಚ್ಚಾದವು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಅಲ್ಲಿ ಆದದ್ದನ್ನು ನಾವೆಲ್ಲ ನೋಡಿದ್ದೇವೆ.

ಮನೆ ಹೋದದ್ದು ಮನುಷ್ಯ ಕಟ್ಟಿದ ಗೋಡೆಯಿಂದಲೋ, ಚಂಡಮಾರುತದಿಂದಲೋ, ಏರುವ ಕಡಲಿನಿಂದಲೋ ಎಂಬ ಪ್ರಶ್ನೆ ಬರೀ ಪಂಡಿತರದ್ದಲ್ಲ. ಪರಿಹಾರ ಕೇಳುವವರಿಗೆ ಅದರ ಉತ್ತರ ಬೇಕು. ಮೂರನ್ನೂ ಬೇರೆ ಬೇರೆ ಮಾಡಿ ತೋರಿಸಬಲ್ಲದ್ದು ಅದೇ ಜಾಗದಲ್ಲಿ, ಹಲವು ದಶಕ, ತಪ್ಪದೆ ಬರೆದ ನೀರಿನ ಮಟ್ಟ.

ಹೊಳೆಯ ಕಡೆಗೂ ಇದೇ ಮಾತು ಅನ್ವಯ. ನೇತ್ರಾವತಿಯ ಮಟ್ಟವನ್ನು ಕೇಂದ್ರ ಜಲ ಆಯೋಗ ಬಂಟ್ವಾಳದಲ್ಲಿ ಅಳೆಯುತ್ತದೆ, ಕಡಲಿನ ಮಟ್ಟ ಪಣಂಬೂರಿನಲ್ಲಿ ಸಿಗುತ್ತದೆ. ನಡುವಿನ ಅಳಿವೆಯಲ್ಲಿ ನೆರೆಯೂ ಉಬ್ಬರವೂ ಎದುರುಬದುರಾಗುತ್ತವೆ. ಉಬ್ಬರದ ಹೊತ್ತಿಗೆ ನೆರೆ ಬಂದರೆ ಹೊಳೆಗೆ ಇಳಿಯಲು ಜಾಗ ಇರುವುದಿಲ್ಲ, ತಗ್ಗಿನ ಮನೆಗಳಲ್ಲಿ ನೀರು ಗಂಟೆಗಟ್ಟಲೆ ಹೆಚ್ಚು ನಿಲ್ಲುತ್ತದೆ. 1923ರ ಮತ್ತು 1974ರ ನೆರೆಯ ಮಾತು ಬಂಟ್ವಾಳ, ಪಾಣೆಮಂಗಳೂರಿನ ಹಿರಿಯರ ಬಾಯಲ್ಲಿ ಇವತ್ತಿಗೂ ಬರುತ್ತದೆ.

ಇಲ್ಲಿ ಓದುಗರಿಂದ ಒಂದು ಸಹಾಯ ಬೇಕು. ಪಾಣೆಮಂಗಳೂರು, ಬಂಟ್ವಾಳ, ಗೂಡಿನಬಳಿ ಕಡೆಯ ಹಳೆಯ ಮನೆಗಳಲ್ಲಿ, ಪಳ್ಳಿಗಳಲ್ಲಿ, ಅಂಗಡಿಗಳಲ್ಲಿ '74ರಲ್ಲಿ ನೀರು ಇಲ್ಲಿವರೆಗೆ ಬಂದಿತ್ತು' ಎಂದು ಕೈ ಇಟ್ಟು ತೋರಿಸುವವರು ಇನ್ನೂ ಇದ್ದಾರೆ. ಗೋಡೆಯಲ್ಲಿ ಗುರುತು ಇದ್ದರೆ ಮುಂದಿನ ಸಲ ಸುಣ್ಣ ಬಳಿಯುವ ಮೊದಲು ಅದರ ಫೋಟೋ ತೆಗೆಯಿರಿ. ಹೊಸ್ತಿಲಿನ ಕಲ್ಲಿನಿಂದ ಗುರುತಿನವರೆಗೆ ಟೇಪ್ ಹಿಡಿದು ಎಷ್ಟು ಅಡಿ, ಎಷ್ಟು ಇಂಚು ಎಂದು ಬರೆದಿಡಿ. ಹೊಸ್ತಿಲು ಆಮೇಲೆ ಎತ್ತರಿಸಿದ್ದಾದರೆ ಅದನ್ನೂ ಬರೆಯಿರಿ. ಬಂದರಿನ ಹಳೆಯ ವ್ಯಾಪಾರದ ಮನೆಗಳಲ್ಲಿ ಮಂಜಿಗಳ ಲೆಕ್ಕದ ಪುಸ್ತಕ ಉಳಿದಿದ್ದರೆ, ಮಂಜಿ ಅಳಿವೆ ದಾಟಿದ ಹಿಜ್ರಿ ತಾರೀಖು ಅದರಲ್ಲಿ ಇದೆಯೇ ನೋಡಿ. ತಾರೀಖು ಇದ್ದರೆ ಆ ದಿನದ ಉಬ್ಬರವನ್ನು ಇವತ್ತು ಲೆಕ್ಕ ಹಾಕಬಹುದು. ಮರಳಿನ ದಿಬ್ಬದ ಮೇಲೆ ಎಷ್ಟು ನೀರಿದ್ದಾಗ ನಮ್ಮವರು ಹೊರಟಿದ್ದರು ಎಂಬುದರ ಅಂದಾಜು ಅದರಿಂದ ಸಿಗುತ್ತದೆ.